ಹಲಸಿನ ಕೊಂಬೆಯ ಗಿಡ

ರಿಯೊ ನಗರದ ನಮ್ಮ ಗುಡ್ಡದ ಮೇಲೆ ನಲ್ಲಿಯಲ್ಲಿ ಗುರುವಾರ ಮಾತ್ರ ನೀರು, ಅದೂ ಬಂದರೆ. ಸೊಳ್ಳೆ ಹುಡುಕುವವರು ಮಾತ್ರ ವಾರ ತಪ್ಪಿಸುವುದಿಲ್ಲ.

ಪಟ್ಟೆಕಾಲಿನ ಸೊಳ್ಳೆ ಕಚ್ಚಿ ಜ್ವರ ಬಂದ ಬಸುರಿಯರಿಗೆ ಪುಟ್ಟ ತಲೆಯ ಕೂಸುಗಳು ಹುಟ್ಟುತ್ತಿದ್ದ ಬೇಸಿಗೆ ಅದು. ನಮ್ಮ ಓಣಿಯಲ್ಲೇ ಅಂಥದೊಂದು ಮಗುವಿತ್ತು. ನಾನು ಮೂರು ತಿಂಗಳ ಬಸುರಿ.

ನಮ್ಮ ಒಂದೇ ಕೋಣೆಯ ಕಿಟಕಿಯ ಬಳಿ ಅತ್ತೆ ಜುಲ್ಮಿರಾ ಬ್ರೊಮೇಲಿಯ ಗಿಡ ಸಾಕಿದ್ದಳು. ರಸ್ತೆಗೆಂದು ಸರಕಾರ ಹಲಸಿನ ಮರ ಕಡಿಸಿದಾಗ ಅದಕ್ಕೆ ಅಂಟಿಕೊಂಡಿದ್ದ ಗಿಡವನ್ನು ಕೊಂಬೆಯ ತುಂಡಿನ ಸಮೇತ ಹೊತ್ತು ತಂದಿದ್ದಳು. ರಸ್ತೆ ಬರಲೇ ಇಲ್ಲ. ಎಲೆಗಳ ನಡುವಿನ ಬಟ್ಟಲಲ್ಲಿ ನಿಂತ ನೀರೇ ಆ ಗಿಡದ ಊಟ. ಅದರಲ್ಲಿ ಸೊಳ್ಳೆಮರಿ ಹುಟ್ಟದಿರಲೆಂದು, ಗುಡ್ಡದ ಹೆಂಗಸರೆಲ್ಲ ಮಾಡುವಂತೆ, ಅತ್ತೆ ದಿನಾ ಕಾಫಿ ಚರಟ ಹಾಕುತ್ತಿದ್ದಳು.

ಆರೋಗ್ಯ ಇಲಾಖೆಯ ನಿವಾಲ್ದೊ ಬಂದು ಗಿಡದೊಳಕ್ಕೆ ಟಾರ್ಚ್ ಬಿಟ್ಟ.

“ದೋನಾ ಜುಲ್ಮಿರಾ, ಇದನ್ನ ಒಯ್ಯಬೇಕು.”

“ಹುಳ ಕಂಡ್ಯೇನಪ್ಪಾ?”

“ಕಾಫಿ ಕಂಡೆ.”

“ನಿಂಗೂ ಒಂದ್ಲೋಟ ಕೊಡ್ತೀನಿ, ಗಿಡ ಬಿಡು.”

“ತಮಾಷೆ ಬೇಡ. ಸೊಸೆ ಬಸುರಿ. ನೀರು ನಿಲ್ಲೋ ಗಿಡ ಇಡಕೂಡ್ದು ಅಂತ ಹುಕುಂ.”

“ಕೆಳಗೆ ಕಡಲ ದಂಡೆ ಬಂಗಲೆಗಳ ತೋಟದಲ್ಲಿ ಇದೇ ಗಿಡ ಸಾಲಾಗಿ ನೆಟ್ಟವ್ರಲ್ಲ, ಅವನ್ನ ಕಿತ್ರಾ?”

“ಅಲ್ಲಿ ನಮಗೆ ಬಾಗಿಲೇ ತೆಗೆಯಲ್ಲ, ದೋನಾ.”

ಅತ್ತೆ ನನ್ನ ಮುಖ ನೋಡಿದಳು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ.

“ಕೊಟ್ಬಿಡಿ ಅತ್ತೆ.”

ಗಿಡ ಗೋಣಿಚೀಲ ಸೇರಿತು. ಹೋಗುವಾಗ ಅವನು ಕುಡಿಯುವ ನೀರಿನ ಡ್ರಮ್ ತಟ್ಟಿ, “ಮುಚ್ಚಳ ಹಾಕಿ” ಅಂದ.

“ನಲ್ಲೀಲಿ ದಿನಾ ನೀರು ಬಂದ್ರೆ ಡ್ರಮ್ ಯಾಕೆ ಬೇಕಿತ್ತು? ಮುಚ್ಚಳನಾದ್ರೂ ನೀವು ಕೊಡ್ತೀರಾ?”

“ಅದು ನಮ್ಮ ಇಲಾಖೆಯಲ್ಲ.”

ನಾವು ಡ್ರಮ್ಮಿನ ಬಾಯಿಗೆ ಹಳೆಯ ಹಾಸುಬಟ್ಟೆ ಕಟ್ಟಿದೆವು.

ಮುಂದಿನ ಗುರುವಾರ ನಲ್ಲಿ ಬರೀ ಗಾಳಿ ಉಗುಳಿತು. ಚೊಂಬು ಅದ್ದಲು ಬಟ್ಟೆ ಸರಿಸಿದೆ. ಒಂದು ಮೂಲೆ ಯಾವಾಗಲೋ ಸಡಿಲಾಗಿ ನೀರಿಗೆ ಜೋತುಬಿದ್ದಿತ್ತು. ನೀರಲ್ಲಿ ನೂಲೆಳೆಯಂಥ ಹುಳುಗಳು ಕೊಂಕುತ್ತ ಮೇಲೆ ಕೆಳಗೆ ಆಡುತ್ತಿದ್ದವು. ಕುಡಿಯುವ ನೀರಿಗೆ ಕಾಫಿ ಚರಟ ಯಾರು ಹಾಕುತ್ತಾರೆ?

“ಚೆಲ್ಲಿಬಿಡಿ ಅತ್ತೆ.”

“ಚೆಲ್ಲಿ ಏನು ಕುಡೀತೀಯೇ? ನನ್ನ ಕಣ್ಣೀರಾ? ಅದೂ ಗುರುವಾರಕ್ಕೊಂದ್ಸಲವೇ ಬರೋದು.”

ಇಬ್ಬರೂ ನಗಲಿಲ್ಲ. ಅತ್ತೆ ಕಾಫಿ ಸೋಸುವ ಬಟ್ಟೆ ತಂದು ಪಾತ್ರೆಗೆ ಹಿಡಿದಳು. ನಾನು ಮೊಗೆದು ಮೊಗೆದು ಸುರಿದೆ. ಹುಳುಗಳು ಬಟ್ಟೆಯ ತಳದಲ್ಲಿ ಒದ್ದಾಡಿದವು. ಅವಳು ಮೊದಲ ಲೋಟ ಕುದಿಸಿ, ಆರಿಸಿ ನನಗೇ ಕೊಟ್ಟಳು.

ಕುಡಿಯುತ್ತಿದ್ದಾಗ ಮೀನಖಂಡ ಚುರುಗುಟ್ಟಿತು. ಹೊಡೆದೆ. ಅಂಗೈಯಲ್ಲಿ ಪಟ್ಟೆಕಾಲಿನ ಸೊಳ್ಳೆ ಅಪ್ಪಚ್ಚಿಯಾಗಿತ್ತು, ಪಕ್ಕದಲ್ಲಿ ನನ್ನ ರಕ್ತ.

ಅತ್ತೆ ನೋಡಿದಳು. ಅಂಗಿಯ ತುದಿಯಿಂದ ನನ್ನ ಕೈ ಒರೆಸಿದಳು. ಡ್ರಮ್ಮಿನಲ್ಲಿ ಸೋಸಬೇಕಾದ ನೀರು ಇನ್ನೂ ಅರ್ಧ ಇತ್ತು.