ಕೊಳ ತೊಳೆದವಳು

ನನ್ನದು ಸುಮ್ಮನಿರುವ ಕೈಯಲ್ಲ. ಇಪ್ಪತ್ತೆರಡು ವರ್ಷದಿಂದ ಲಾಂಡ್ರಿ ನಡೆಸುತ್ತಿದ್ದೇನೆ. ಕಲೆ ಕಂಡರೆ ಉಜ್ಜಿಯೇ ಸಿದ್ಧ. ನೆಂಟರ ಮನೆಗೆ ಹೋದರೂ ಲೋಟದ ತಳ ನೋಡುವವಳು ನಾನು. ಅಂಥವಳ ಕೈಗೆ ಕೊಳ ಕೊಟ್ಟದ್ದು ಅತ್ತಿಗೆಯ ತಪ್ಪು ಎಂದು ಈಗಲೂ ಹೇಳುತ್ತೇನೆ. ಅವರ ಎದುರಿಗೆ ಹೇಳುವುದಿಲ್ಲ, ಅಷ್ಟೆ.

ಅತ್ತಿಗೆ ನನ್ನ ಅಣ್ಣನ ಹೆಂಡತಿ, ನಿವೃತ್ತ ವಿಜ್ಞಾನ ಟೀಚರ್. ನಮ್ಮ ಬೀದಿಯ ಹಿಂದಿನ ಕೊಳ ಹಳೇ ಟೈರು, ಮುರಿದ ಕುರ್ಚಿಗಳ ಗುಂಡಿಯಾಗಿತ್ತು. ಮೂರು ವರ್ಷದ ಹಿಂದೆ ಅವರೊಬ್ಬರೇ ತೋಳು ಮಡಚಿ ಇಳಿದರು. ಮೊದಲು ನಕ್ಕವರೇ ಆಮೇಲೆ ಒಬ್ಬೊಬ್ಬರಾಗಿ ಗುದ್ದಲಿ ಹಿಡಿದು ಬಂದರು. ಕಪ್ಪೆ ಬಂದವು, ಒಂದು ನೀಲಿ ಹಕ್ಕಿ ಬಂತು, ಏರೋಪ್ಲೇನ್ ಚಿಟ್ಟೆಗಳು ಬಂದವು. ವಾರಕ್ಕೊಂದು ಮನೆಯ ಸರದಿ. ಪಟ್ಟಿ ಬೇಕರಿಯ ಬಾಗಿಲಿನಲ್ಲಿ. ಬಿದ್ದ ಪ್ಲಾಸ್ಟಿಕ್ ಹೆಕ್ಕುವುದು, ನೀರಿನ ಮಟ್ಟ ನೋಡುವುದು, ಇಷ್ಟೇ ಕೆಲಸ.

ನನ್ನ ಮೊದಲ ಸರದಿಯ ವಾರ ಅತ್ತಿಗೆ ಮಗಳ ಮನೆಗೆ ಹೋಗಿದ್ದರು. ಕೊಳದ ತುಂಬ ಲೋಳೆ ಲೋಳೆ ಪಾಚಿ, ನೀರಗಿಡ. ಇದೇನು ಅಸಹ್ಯ ಎಂದುಕೊಂಡು ಬ್ರಷ್ ತಂದೆ. ಸೋಪು ಹಾಕಲಿಲ್ಲ, ಅಷ್ಟು ದಡ್ಡಿಯಲ್ಲ. ಆದರೆ ಗಿಡವನ್ನೆಲ್ಲ ಕಿತ್ತು, ಕಲ್ಲುಗಳನ್ನು ಒಂದೊಂದಾಗಿ ತಿಕ್ಕಿದೆ. ಆರು ಚೀಲ ತುಂಬಿತು. ಐದು ಕಸದ ಗಾಡಿಗೆ ಹೋದವು. ಆರನೆಯದು ಹರಿದುಹೋಯಿತೆಂದು, ಅಂಗಡಿಯ ಹಿತ್ತಲಲ್ಲಿ ಮಳೆನೀರು ತುಂಬಿದ್ದ ಹಳೇ ಸಿಮೆಂಟು ತೊಟ್ಟಿಗೆ ಸುರಿದೆ. ಅಷ್ಟರಲ್ಲಿ ಹೋಟೆಲಿನ ವಾರವಾರದ ಇನ್ನೂರು ಹಾಸಿಗೆ ಬಟ್ಟೆ ಬಂತು, ತೊಟ್ಟಿ ಮರೆತೇಹೋಯಿತು. ಕೊಳ ಮಾತ್ರ ಕನ್ನಡಿ! ಮೆಚ್ಚಿ ಮೆಚ್ಚಿ ಮನೆಗೆ ಬಂದೆ.

ಎರಡೇ ವಾರದಲ್ಲಿ ಕನ್ನಡಿಯ ತುಂಬ ಸೊಳ್ಳೆಮರಿ. ನೆಟ್ಟಗೆ, ಅಡ್ಡಡ್ಡ, ಕುಣಿದದ್ದೇ ಕುಣಿದದ್ದು.

ಅತ್ತಿಗೆ ಮಗಳ ಮನೆಯಿಂದ ಬಂದ ಮರುದಿನವೇ ನಗರಸಭೆಯ ಸೊಳ್ಳೆ ಸಾಹೇಬರು ಬಂದು ಸೌಟು ಅದ್ದಿ ನೋಡಿದರು. "ಟೀಚರ್, ಮುಂದಿನ ಸೋಮವಾರ ಮತ್ತೆ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಮಣ್ಣು ತುಂಬಿಸೋದೇ. ನನ್ನ ಕೈಲಿ ಇಲ್ಲ" ಎಂದರು. ಬೀದಿಯವರೆಲ್ಲ ಟೀ ಸೋಸುವ ಜರಡಿ ತಂದು ಸೋಸಿದರು, ಬೇಕರಿಯವನು ಹಿಟ್ಟಿನ ಜರಡಿಯನ್ನೇ ತಂದ. ಸೋಸಿದಷ್ಟೂ ಹುಟ್ಟುತ್ತಿದ್ದವು. ಅತ್ತಿಗೆ ದಡದ ಕಲ್ಲಿನ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತರು. "ನಾನೇ ಎಲ್ಲೋ ತಪ್ಪು ಮಾಡ್ದೆ ಕಣೇ, ಗಿಡ ಎಲ್ಲ ತಾನಾಗೇ ಸತ್ತುಹೋಗಿದೆ. ವಯಸ್ಸಾಯ್ತು, ತಲೆ ಓಡ್ತಿಲ್ಲ."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಎರಡು ದಿನ ಅನುಭವಿಸಿದೆ. ಮೂರನೆಯ ದಿನ ಬೆಳಗ್ಗೆಯೇ ಹೋಗಿ ಒದರಿಬಿಟ್ಟೆ.

"ಅತ್ತಿಗೆ, ನಾನು ಕೊಳ ತೊಳೆದೆ."

"ತೊಳೆದೆ ಅಂದ್ರೆ?"

"ತೊಳೆದೆ ಅಂದ್ರೆ... ತೊಳೆದೆ. ಗಿಡ ಎಲ್ಲ ಕಿತ್ತೆ."

ಅವರು ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಅಯ್ಯೋ, ಏರೋಪ್ಲೇನ್ ಚಿಟ್ಟೆಯ ಮರಿಗಳು ಆ ಗಿಡದಲ್ಲೇ ಇರ್ತವೆ ಕಣೇ. ಸೊಳ್ಳೆಮರಿ ತಿನ್ನೋದು ಅವೇ. ಗಿಡ ಎಲ್ಲಿ ಹಾಕ್ದೆ?"

"ಕಸದ ಗಾಡಿಗೆ" ಎನ್ನುತ್ತಿದ್ದಂತೆ ಆರನೆಯ ಚೀಲ ನೆನಪಾಯಿತು. ಮಾತು ಅರ್ಧಕ್ಕೇ ಬಿಟ್ಟು ಅವರ ಕೈ ಹಿಡಿದು ಎಳೆದುಕೊಂಡೇ ಹಿತ್ತಲಿಗೆ ಓಡಿದೆ.

ತೊಟ್ಟಿಯ ನೀರಿನಲ್ಲಿ ಒಂದೇ ಒಂದು ಸೊಳ್ಳೆಮರಿ ಇಲ್ಲ. ಅತ್ತಿಗೆ ಒಂದು ಎಳೆ ಗಿಡ ಎತ್ತಿದರು. ಅದಕ್ಕಂಟಿಕೊಂಡು ಮಣ್ಣುಬಣ್ಣದ, ಆರು ಕಾಲಿನ ಹುಳುಗಳು; ನೋಡಲು ಅಸಹ್ಯವೇ. "ಇವೇ! ಇವೇ ಕಣೇ!" ಎಂದು ಅರವತ್ತೈದರ ಹೆಂಗಸು ಕುಣಿದಾಡಿದರು. ಹೋದ ಜೀವ ಬಂದಂತಾಗಿ ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವತ್ತು ಬೀದಿಯವರೆಲ್ಲ ಬಕೆಟ್ ಸಾಲಿನಲ್ಲಿ ನಿಂತು ಗಿಡ, ಹುಳು, ನೀರು ಎಲ್ಲವನ್ನೂ ಕೊಳಕ್ಕೆ ದಾಟಿಸಿದೆವು. ತೊಟ್ಟಿಯ ತಳದಲ್ಲಿ ಚೂರು ನೀರು, ಒಂದು ಹಿಡಿ ಗಿಡ ಉಳಿಯಿತು. "ಅದು ಅಲ್ಲೇ ಇರ್ಲಿ, ಬೇಕಾದೀತು. ಮುಟ್ಟಬೇಡ" ಎಂದರು ಅತ್ತಿಗೆ. 'ಮುಟ್ಟಬೇಡ' ಎಂಬುದನ್ನು ಎರಡು ಸಲ ಹೇಳಿದರು.

ಸೋಮವಾರ ಸಾಹೇಬರು ಹತ್ತು ಕಡೆ ಸೌಟು ಅದ್ದಿದರು. ಒಂಬತ್ತು ಸಲ ಬರೀ ನೀರು. ಹತ್ತನೆಯದರಲ್ಲಿ ಒಂದು ಹುಳು ಎದ್ದು ಬಂತು. "ಇದೇನಿದು?" ಎಂದು ಸೌಟು ದೂರ ಹಿಡಿದರು.

"ನಿಮ್ಮ ಇಲಾಖೆಯವರೇ ಸಾರ್, ಸಂಬಳ ಇಲ್ದೆ ಕೆಲಸ ಮಾಡೋರು" ಎಂದರು ಅತ್ತಿಗೆ. ಸಾಹೇಬರು ನಕ್ಕು, ಕಾಗದದ ಮೇಲೆ 'ಸರಿಯಿದೆ' ಎಂದು ಬರೆದರು. ಬೇಕರಿಯವನು ಎಲ್ಲರಿಗೂ ಬಿಸಿ ಬನ್ ಹಂಚಿದ.

ಮರುದಿನ ಬೆಳಗ್ಗೆ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ತೊಟ್ಟಿಯ ಪಕ್ಕದ ಹಗ್ಗದಲ್ಲಿ ಹೋಟೆಲಿನ ಬಿಳಿ ಬಟ್ಟೆ, ಅದರ ಮೇಲೆ ತೊಟ್ಟಿಯಿಂದ ಹತ್ತಿಬಂದ ಕೆಸರಿನ ಗೆರೆ. ಕೈ ತಾನಾಗೇ ಬ್ರಷ್ ಹುಡುಕಿತು. ಗೆರೆಯ ತುದಿಯಲ್ಲಿ ಆ ಹುಳುವಿನದೇ ಒಡೆದ ಒಣ ಚಿಪ್ಪು. ಚಿಪ್ಪು ಹಿಡಿದು ಒಂದು ಏರೋಪ್ಲೇನ್ ಚಿಟ್ಟೆ, ಒದ್ದೆ ರೆಕ್ಕೆ ಬಿಚ್ಚಿ ಕೂತಿತ್ತು.

ಒಳಗೆ ಹೋಗಿ ಹೋಟೆಲಿಗೆ ಫೋನ್ ಮಾಡಿದೆ. "ನೂರ ತೊಂಬತ್ತೊಂಬತ್ತು ಬಟ್ಟೆ ಈಗ ಕಳಿಸ್ತೀನಿ. ಒಂದು ಇನ್ನೂ ಒಣಗಿಲ್ಲ" ಎಂದೆ.