ಲಿಯೋ ಮಾರ್ಟಿನ್‌ಗೆ ಒಂದು ಚೀಲ ಅವರೆಕಾಯಿ

ರಸ್ತೆಯ ನಡುವೆ ಅರ್ಫಾತ್ ನಡೆದಾಡಿದ್ದನ್ನು ನಾನು ಒಮ್ಮೆಯೂ ಕಂಡವನಲ್ಲ. ಪಕ್ಕದಲ್ಲಿ ಗೋಡೆಯಿದ್ದರೆ ಅವನ ಎಡಭುಜ ಅದಕ್ಕೆ ಅಂಟಿಕೊಂಡಿರಲೇಬೇಕು; ಮಂಡಿಪೇಟೆಯ ಹಳೆಯ ಮಳಿಗೆಗಳ ಸಾಲುಗೋಡೆಯನ್ನು ಸವರುತ್ತ, ಮೂಲೆ ಬಂದಲ್ಲಿ ಅರೆಗಳಿಗೆ ನಿಂತು, ಆ ಮೂಲೆಗೆ ಭುಜವನ್ನೊತ್ತಿ, ಗೋಡೆ ಗೋಡೆಯೇ ಹೌದೆಂದು ಖಾತ್ರಿಯಾದ ಮೇಲಷ್ಟೇ ಅವನ ಮುಂದಿನ ಹೆಜ್ಜೆ. ಹೀಗಾಗಿ ಅವನ ಕಂದು ಕೋಟಿನ ಎಡಭುಜದ ಮೇಲೆ ತುಮಕೂರಿನ ಅರ್ಧ ಊರಿನ ಸುಣ್ಣಬಣ್ಣ ಒಂದಿಷ್ಟಿಷ್ಟು ಮೆತ್ತಿಕೊಂಡಿರುತ್ತಿತ್ತು. ಕೋಟು ಹೊಲಿದವರು ಅವನ ತಂದೆ, ದರ್ಜಿ ಜಹೀರ್ ಅಹಮದ್. ಸವೆದ ಭುಜಕ್ಕೆ ಮೂರು ಸಲ ತೇಪೆ ಹಾಕಿದವರೂ ಅವರೇ. ನಾಲ್ಕನೆಯ ಸಲ ಕೋಟನ್ನು ಕೈಗೆತ್ತಿಕೊಂಡಾಗ, ಇವನಿಗೆ ದರ್ಜಿಯಲ್ಲ, ಗಾರೆಯವನೇ ತಂದೆಯಾಗಿ ಸಿಗಬೇಕಿತ್ತು ಎಂದು ನನ್ನೆದುರು ಗೊಣಗಿದ್ದರು.

ಇದು ಹುಚ್ಚಲ್ಲ, ಕಸುಬು ಕಲಿಸಿದ ನಡಿಗೆ. ಅರ್ಫಾತ್ ಗೇಮ್ ಕಟ್ಟುವವನು. ಮನೆಯ ಟೀವಿಗೆ ಕನ್ಸೋಲ್ ಎಂಬ ಪೆಟ್ಟಿಗೆಯನ್ನು ಜೋಡಿಸಿ, ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದು ಆಡುತ್ತಾರಲ್ಲ, ಅಂಥ ಗೇಮು. ಅದರೊಳಗಿನ ಗೋಡೆಗಳು ಬರೀ ಚಿತ್ರ. ಕಟ್ಟಿದವನು ಎಲ್ಲೋ ಒಂದು ಮೂಲೆಯನ್ನು ಮರೆತಿದ್ದರೆ ಆಡುವವನು ಅಲ್ಲಿಂದ ತೂರಿ, ಆಚೆಗೆ ನೆಲವೂ ಆಕಾಶವೂ ಇಲ್ಲದ ಶೂನ್ಯಕ್ಕೆ ಬಿದ್ದುಹೋಗುತ್ತಾನೆ. ಆದ್ದರಿಂದ ಕಟ್ಟಿದವನು ತಾನೇ ಪ್ರತಿಯೊಂದು ಗೋಡೆಗೂ ಭುಜ ಕೊಟ್ಟು ನೋಡಬೇಕು. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ನೂರು ಜನ ಇರುತ್ತಾರಂತೆ. ಇಲ್ಲಿ ಇದ್ದವನು ಇವನೊಬ್ಬನೇ. ಬರೆದವನು, ಚಿತ್ರ ಬಿಡಿಸಿದವನು, ಲೆಕ್ಕಾಚಾರ ಹೆಣೆದವನು, ಕೊನೆಗೆ ಪ್ರಕಾಶಕನೂ ಅವನೇ.

ಅವನ ಇನ್ನೊಂದು ಚಾಳಿ, ಕಂಡಕಂಡದ್ದರ ಮುಂದೆ ನಿಂತು ‘ಕಿತ್ರೆ ಏನಾಗುತ್ತೆ?’ ಎಂದು ಕೇಳುವುದು. ತಾಯಿ ಖುರ್ಷಿದಾ ಬೇಗಂ ಮಿಕ್ಸಿಯಲ್ಲಿ ಮಸಾಲೆ ರುಬ್ಬುತ್ತಿದ್ದರೆ ಅದೇ ಪ್ರಶ್ನೆ. ತಂಗಿ ಮಹೀನಳ ನಿಕಾಹ್ ದಿನ, ಮೈಕಿನ ವೈರು ಕಿತ್ತರೆ ಕಾಜಿಯವರು ಮೊದಲಿನಿಂದ ಹೇಳಬೇಕಾ ಎಂದು ಕೇಳಿ ಹಿರಿಯರಿಂದ ಚೆನ್ನಾಗಿ ಬೈಸಿಕೊಂಡಿದ್ದ. ಇದಕ್ಕೂ ಕಾರಣವುಂಟು. ಕನ್ಸೋಲಿನವರು ಗೇಮನ್ನು ತಮ್ಮ ಅಂಗಡಿಗೆ ಸೇರಿಸಿಕೊಳ್ಳುವ ಮುಂಚೆ ಪರೀಕ್ಷೆಗೆ ಒಡ್ಡುತ್ತಾರೆ. ಆಡುತ್ತಿರುವಾಗ ಕಂಟ್ರೋಲರಿನ ಸಂಪರ್ಕ ತಪ್ಪಿದರೆ ಗೇಮು ಇದ್ದಲ್ಲೇ, ಇದ್ದಂತೆಯೇ ನಿಲ್ಲಬೇಕೆಂಬುದು ಅವರ ಕಟ್ಟಳೆ. ಮೊದಲ ಸಲ ಅವನ ಗೇಮು ವಾಪಸ್ ಬಂದದ್ದೇ ಈ ಕಾರಣಕ್ಕೆ. ಎಲ್ಲ ಕಡೆಯೂ ನಿಲ್ಲುತ್ತಿತ್ತು, ಕೊನೆಯಲ್ಲಿ ಹೆಸರುಗಳು ಮೇಲೇರಿ ಹೋಗುವ ಪಟ್ಟಿಯಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ಮೂರು ವಾರ ಕೂತು ಅದನ್ನೂ ನಿಲ್ಲುವಂತೆ ಮಾಡಿದ. ಅಷ್ಟು ಅಚ್ಚುಕಟ್ಟಾಗಿ ಮಾಡದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನೇಕ ಸಲ ಅಂದುಕೊಂಡಿದ್ದಾನೆ.

ಆ ಪಟ್ಟಿಯ ಕಥೆ ಹೇಳುವಾಗ ನಾನೂ ತಲೆ ತಗ್ಗಿಸಬೇಕು. ನಾನು ಅವರ ಪಕ್ಕದ ಮನೆಯವನು, ಕನ್ನಡ ಪಾಠ ಹೇಳಿ ನಿವೃತ್ತನಾದವನು; ಸ್ವಂತ ಖರ್ಚಿನಲ್ಲಿ ನಾಲ್ಕು ಪುಸ್ತಕ ಅಚ್ಚುಹಾಕಿಸಿ ಮುಕ್ಕಾಲು ಪಾಲನ್ನು ಅಟ್ಟಕ್ಕೆ ಒಪ್ಪಿಸಿದವನು. ನನ್ನ ಮೊದಲ ಪುಸ್ತಕದ ಬೆನ್ನುಡಿ ಬರೆದ ಗುಬ್ಬಿಯ ಹಿರಿಯ ವಿಮರ್ಶಕರು ಗುಬ್ಬಿಯಲ್ಲಾಗಲಿ ಬೇರೆಲ್ಲೇ ಆಗಲಿ ಇರಲಿಲ್ಲ. ಆ ಹೊಗಳಿಕೆಯಷ್ಟೂ ನನ್ನದೇ ಕೈಬರಹ. ಅರ್ಫಾತ್ ಒಂದು ದಿನ ತನ್ನ ಪಟ್ಟಿಯನ್ನು ತೋರಿಸಿ, ಬೇರೆಯವರ ಗೇಮಿನಲ್ಲಿ ಹೆಸರುಗಳು ಹತ್ತು ನಿಮಿಷ ಹರಿಯುತ್ತವೆ, ನನ್ನದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ನೋಡಿದವರು ಏನೆಂದುಕೊಂಡಾರು ಎಂದು ಅಳುಕಿದಾಗ, ಆ ಹಳೆಯ ವಿದ್ಯೆಯನ್ನು ನಾನೇ ಅವನಿಗೆ ದಾಟಿಸಿದೆ. ಇಬ್ಬರೂ ಕೂತು ಐದು ಪರದೇಶದ ಹೆಸರುಗಳನ್ನು ಕಟ್ಟಿದೆವು. ಧ್ವನಿ ವಿಭಾಗಕ್ಕೆ ಲಿಯೋ ಮಾರ್ಟಿನ್ ಎಂಬ ಹೆಸರು ಹೊಳೆದದ್ದು ನನಗೆ.

ಆದರೆ ಆ ಗೇಮಿನ ಧ್ವನಿಗೆ ನಿಜವಾದ ಒಡೆಯರೊಬ್ಬರಿದ್ದರು. ಗೇಮು ಇಷ್ಟೇ: ಮಂಜು ಮುಸುಕಿದ ಬೆಟ್ಟದಲ್ಲಿ ಕುದುರೆಯೊಂದು ದಾರಿ ತಪ್ಪಿದೆ, ಆಡುವವನಿಗೆ ಅದು ಕಾಣುವುದಿಲ್ಲ, ಅದಕ್ಕೆ ಇವನು ಕಾಣುವುದಿಲ್ಲ, ಕೂಗಿ ಕೂಗಿ ಅದನ್ನು ಮನೆಗೆ ಕರೆತರಬೇಕು. ಬೆಟ್ಟವನ್ನು ಅರ್ಫಾತ್ ದೇವರಾಯನದುರ್ಗದ ಬೆಳಗಿನಿಂದ ತಂದ, ಕೂಗನ್ನು ಕುಣಿಗಲಿನ ಚಿಕ್ಕಬೋರಯ್ಯನವರ ಬಾಯಿಂದ ತಂದ. ಅವರು ಯಾರೋ ಸಾಹುಕಾರರ ಕುದುರೆ ಲಾಯದಲ್ಲಿ ಆಯುಷ್ಯ ಸವೆಸಿದ ಮುದುಕರು. ನಾಲಗೆಯನ್ನು ಅಂಗುಳಕ್ಕೆ ತಾಗಿಸಿ ಎರಡು ಸಲ ಚಟಕಿಸಿ, ಆಮೇಲೆ ಎದೆಯಾಳದಿಂದ ಎಳೆದ ಒಂದು ‘ಓ...ಯ್’, ಅದನ್ನು ಕೇಳಿದರೆ ನನ್ನಂಥ ಮನುಷ್ಯನಿಗೇ ಎದ್ದು ಹೋಗೋಣ ಎನಿಸುತ್ತಿತ್ತು. ನಾಲ್ಕು ಭಾನುವಾರ ಅವರ ಹಿತ್ತಿಲಿನಲ್ಲಿ ಕೂತು ಅರ್ಫಾತ್ ಅದನ್ನು ರೆಕಾರ್ಡ್ ಮಾಡಿಕೊಂಡ. ಏನು ಕೊಡಲಿ ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತನ್ನು ಅವನು ನನಗೆ ಅಕ್ಷರಶಃ ಒಪ್ಪಿಸಿದ್ದ.

“ದುಡ್ಡು ಬ್ಯಾಡ ಕಣಪ್ಪ. ಮೂವತ್ತಾರು ವರ್ಸ ಲಾಯದಲ್ಲಿದ್ದೆ. ಬಾಗ್ಲ ಮೇಲೆ ಕುದ್ರೆ ಹೆಸ್ರು ಬರೆಯೋರು, ಅದ್ರ ಅಪ್ಪನ ಹೆಸ್ರು, ಅವ್ವನ ಹೆಸ್ರು ಬರೆಯೋರು. ನನ್ ಹೆಸ್ರ ಎಲ್ಲೂ ಬರೀನಿಲ್ಲ. ನೀನು ಬರಿ.”

ಬರೆಯುತ್ತೇನೆ, ಕೊನೆಯಲ್ಲಿ ಬರುತ್ತದೆ ಎಂದು ಮಾತು ಕೊಟ್ಟು ಬಂದಿದ್ದ. ಬರೆದೂ ಇದ್ದ. ಕನ್ನಡದಲ್ಲಿ ಬರೆದಾಗ ಆ ಗೇಮಿನ ಫಾಂಟಿಗೆ ನಮ್ಮ ಅಕ್ಷರ ದಕ್ಕದೆ ಹೆಸರು ಖಾಲಿ ಚೌಕಗಳಾಗಿ ನಿಂತಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ. ಆಗ ನಾವು ಕಟ್ಟಿದ ಐದು ಸುಳ್ಳು ಹೆಸರುಗಳ ನಡುವೆ ಆ ಒಂದು ನಿಜವಾದ ಹೆಸರೇ ವೇಷ ಹಾಕಿಕೊಂಡು ಬಂದಂತೆ ಕಾಣಿಸಿತು. ಅರ್ಫಾತ್ ಅದನ್ನು ಅಳಿಸಿದ. ಮುಂದಿನ ಆವೃತ್ತಿಯಲ್ಲಿ ಹಾಕಿದರಾಯಿತು ಎಂದ, ನಾನು ಹ್ಞೂಂ ಎಂದೆ. ಅಬ್ಬಾನ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುವವರ ಹೆಸರು ಕೋಟಿನ ಲೇಬಲ್ ಮೇಲೆ ಇರುತ್ತದೆಯೇ ಎಂದೂ ಕೇಳಿದ.

ಗೇಮು ಎರಡನೆಯ ಪರೀಕ್ಷೆಯಲ್ಲಿ ಪಾಸಾಗಿ ಹೊರಬಂತು. ಎಲ್ಲೆಲ್ಲಿಯವರೋ ಆಡಿ ಬರೆದರು. ಬರೆದವರಲ್ಲಿ ಬಹುಪಾಲು ಜನ ಆ ಕೂಗಿನ ಬಗ್ಗೆಯೇ ಬರೆದರು. ಒಬ್ಬಾಕೆಯಂತೂ ಲಿಯೋ ಮಾರ್ಟಿನ್ನರ ಬೇರೆ ಕೆಲಸಗಳು ಎಲ್ಲಿ ಸಿಗುತ್ತವೆ ಎಂದು ವಿಚಾರಿಸಿದ್ದಳು. ಅರ್ಫಾತ್ ಅದನ್ನು ನನಗೆ ಓದಿ ಹೇಳಿದ, ಇಬ್ಬರೂ ನಕ್ಕೆವು. ಆ ನಗು ಈಗ ನೆನಪಾದರೆ ಮೈ ಹಿಡಿಯಾಗುತ್ತದೆ.

ಪುಷ್ಯಮಾಸದ ಒಂದು ಭಾನುವಾರ ಮಧ್ಯಾಹ್ನ, ಹೇಳದೆ ಕೇಳದೆ, ಚಿಕ್ಕಬೋರಯ್ಯನವರು ಹೈಸ್ಕೂಲು ಟೀಚರಾಗಿದ್ದ ಮಗಳು ಸಂಧ್ಯಾಳನ್ನು ಕರೆದುಕೊಂಡು ಕುಣಿಗಲ್ ಬಸ್ಸಿನಲ್ಲಿ ಬಂದಿಳಿದರು. ಮಡಿಕೆ ಮುರಿಯದ ಬಿಳಿ ಅಂಗಿ, ಎರಡು ಕೈಯಲ್ಲಿ ಎರಡು ಚೀಲ ಸೊಗಡಿನ ಅವರೆಕಾಯಿ. ಖುರ್ಷಿದಾ ಬೇಗಂ ನನ್ನನ್ನೂ ಕರೆಸಿದರು. ಅರ್ಫಾತ್ ಗೇಮು ಹಾಕಿದ. ಮೊದಲ ಕೂಗು ಟೀವಿಯಿಂದ ಹೊರಟಾಗ ಮುದುಕರು ದಿವಾನದಿಂದ ಎದ್ದು ನಿಂತುಬಿಟ್ಟರು. ಮಂಜಿನೊಳಗೆ ಗೊರಸಿನ ಸದ್ದು ಹತ್ತಿರವಾದಾಗ ಅವರ ಕೈ ತನ್ನಷ್ಟಕ್ಕೆ ಮುಂದೆ ಚಾಚಿತು. ಪೂರ್ತಿ ಆಡಿ ಮುಗಿಸಲು ಎರಡೂವರೆ ಗಂಟೆ ಬೇಕು. ಅಷ್ಟರಲ್ಲಿ ದಣಿದು ಹೊರಟಾರು ಎಂಬುದೊಂದೇ ಅರ್ಫಾತನ ಆಸೆ. ಟೀ ಕುಡಿದಾಯಿತು, ಬಿಸ್ಕತ್ತು ತಿಂದಾಯಿತು, ಅಸರ್ ನಮಾಜಿನ ಬಾಂಗೂ ಕೇಳಿಸಿತು. ಸಂಧ್ಯಾ ಬಸ್ಸಿನ ಮಾತೆತ್ತಿದಳು. ಮುದುಕರು ಅಲುಗಲಿಲ್ಲ.

“ಕೊನೇಲಿ ಬತ್ತದೆ ಅಂದವ್ನೆ ಕಣವ್ವ, ಹೆಸ್ರು. ನೋಡ್ಕಂಡೇ ಹೋಗಾನ.”

ಕುದುರೆ ಮನೆ ಸೇರಿತು. ಪರದೆ ಕಪ್ಪಾಯಿತು. ಹೆಸರುಗಳು ಕೆಳಗಿನಿಂದ ಮೇಲೇರತೊಡಗಿದವು. ಏನೋ ಕೆಟ್ಟಿತೆಂದು ಹೇಳಿ ಟೀವಿ ಆರಿಸಿಬಿಡುವ ಯೋಚನೆಯಿಂದ ಅರ್ಫಾತ್ ಕಂಟ್ರೋಲರಿನ ನಡುವಿನ ಗುಂಡಿಯನ್ನು ಹೆಬ್ಬೆರಳಿನಲ್ಲಿ ಅದುಮಿ ಹಿಡಿದ, ಸಂಪರ್ಕ ತಪ್ಪಿತು. ಮೂರು ವಾರ ಕೂತು ಕಲಿಸಿದ ಪಾಠವನ್ನು ಗೇಮು ಮರೆತಿರಲಿಲ್ಲ. ಪಟ್ಟಿ ಇದ್ದಲ್ಲೇ, ಇದ್ದಂತೆಯೇ ನಿಂತಿತು. ಪರದೆಯ ನಟ್ಟನಡುವೆ, ಬೆಳ್ಳಗೆ, ಒಂದೇ ಒಂದು ಸಾಲು.

“ಸೌಂಡ್, ಲಿಯೋ ಮಾರ್ಟಿನ್,” ಎಂದು ಸಂಧ್ಯಾ ಓದಿದಳು.

“ಅವ್ರ್ಯಾರಪ್ಪ?” ಎಂದರು ಚಿಕ್ಕಬೋರಯ್ಯ.

ಅರ್ಫಾತ್ ನನ್ನನ್ನು ನೋಡಿದ. ನಾನು ಖಾಲಿ ಟೀ ಲೋಟ ನೋಡಿದೆ. ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಬರುವಂತಿರಲಿಲ್ಲ. ಅವನ ಬಾಯಿಂದ ಬಂದದ್ದು ಇನ್ನೊಂದು ಸುಳ್ಳು. “ನಿಮ್ಮ ದನಿ ಕೇಳಿ ಸರಿಮಾಡಿದೋರು, ತಾತ. ಪರದೇಶದ ಸಾಹೇಬ್ರು. ನಿಮ್ಮ ಹೆಸ್ರು ಮುಂದಿನ್ ಸಲ ಬರುತ್ತೆ.”

ಮುದುಕರ ಮುಖ ಬಾಡಲಿಲ್ಲ. ಬಾಡಿದ್ದರೆ ನಮಗೆ ಸಲೀಸಾಗುತ್ತಿತ್ತೇನೋ. ಅದು ಅರಳಿತು. ಪರದೇಶದ ಸಾಹೇಬ್ರು ನನ್ ದನಿ ಕೇಳವ್ರೆ ಎಂದು ಮಗಳಿಗೆ ಒಮ್ಮೆ, ಖುರ್ಷಿದಾ ಬೇಗಮ್ಮರಿಗೆ ಒಮ್ಮೆ ಹೇಳಿದರು. ಹೊರಡುವಾಗ ಎರಡು ಚೀಲಗಳಲ್ಲಿ ಒಂದನ್ನು ಬೇರೆಯಾಗಿಟ್ಟರು.

“ಇದ್ನ ಆ ಸಾಹೇಬ್ರಿಗೆ ಮುಟ್ಟಿಸ್ಬುಡಪ್ಪ. ಸೊಗಡವರೆ. ಅವ್ರೂರಲ್ಲಿ ಸಿಕ್ಕಾಕಿಲ್ಲ.”

ಮುಂದಿನ ನಾಲ್ಕು ದಿನ ಆ ಮನೆಯಲ್ಲಿ ಲಿಯೋ ಮಾರ್ಟಿನ್‌ದೇ ಉಪಚಾರ. ಕಾಯಿ ಅಷ್ಟು ದೂರ ತಡೆಯುವುದಿಲ್ಲ, ಕಾಳು ಬಿಡಿಸಿ ಒಣಗಿಸಿ ಪಾರ್ಸೆಲ್ ಮಾಡೋಣ ಎಂದು ಖುರ್ಷಿದಾ ಬೇಗಂ ಮೊರ ಹಿಡಿದು ಕೂತರು. ದಿನವೂ ತಾರಸಿಗೆ ಹತ್ತಿ ಹಳೇ ಸೀರೆಯ ಮೇಲೆ ಕಾಳು ಹರಡುವುದು, ಇಳಿದು ಬಂದು ಮಗನನ್ನು ವಿಳಾಸ ಕೇಳುವುದು. ಮೂರು ದಿನ ಅರ್ಫಾತ್ ಏನೇನೋ ಸಬೂಬು ಹೇಳಿದ. ನಾಲ್ಕನೆಯ ದಿನ, ತಾಯಿ ಹುಳುಕು ಕಾಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದುದನ್ನು ನೋಡಲಾರದೆ, ಅಂಥ ಮನುಷ್ಯ ಇಲ್ಲವೆಂದು ಹೇಳಿಬಿಟ್ಟ. ಆಕೆ ಬೈಯಲಿಲ್ಲ. ಕಾಳನ್ನೆಲ್ಲ ಬಟ್ಟೆಯಲ್ಲಿ ಗಂಟುಕಟ್ಟಿ ಅವನ ಕೈಗಿಟ್ಟು, ಕೊಟ್ಟವರಿಗೇ ಕೊಟ್ಟು ಬಾ ಎಂದರಂತೆ.

ಅವನು ನನ್ನನ್ನು ಜೊತೆಗೆ ಕರೆದ. ಮಂಡಿನೋವು ಎಂದೆ. ನನ್ನ ಮಂಡಿಗೆ ಏನೂ ಆಗಿರಲಿಲ್ಲ.

ಕುಣಿಗಲಿಗೆ ಹೋಗುವ ಮುಂಚೆ ಅವನು ಪಟ್ಟಿಯಿಂದ ಐದೂ ಹೆಸರು ತೆಗೆದು, ‘ಚಿಕ್ಕಬೋರಯ್ಯ’ ಎಂಬುದನ್ನು ಕೈಯಾರೆ ಚಿತ್ರವಾಗಿ ಬರೆದು, ಗೇಮನ್ನು ಮತ್ತೆ ಪರೀಕ್ಷೆಗೆ ಕಳಿಸಲು ಸಿದ್ಧಮಾಡಿಕೊಂಡಿದ್ದ. ಚಿತ್ರವಾಗಿ ಬರೆದರೆ ಫಾಂಟಿನ ತೊಡಕೇ ಇರಲಿಲ್ಲ; ಅರ್ಧ ಗಂಟೆಯ ಕೆಲಸ. ಮುದುಕರ ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದ: ಮಾರ್ಟಿನ್ ಇಲ್ಲ, ಯಾವ ಸಾಹೇಬರೂ ಇಲ್ಲ, ನಿಮ್ಮ ಹೆಸರು ತೆಗೆದವನು ನಾನೇ. ಹೆಸರು ಕಟ್ಟಿಕೊಟ್ಟ ನನ್ನ ಪಾತ್ರವನ್ನು ಮಾತ್ರ ಅವನು ಹೇಳಲಿಲ್ಲವಂತೆ; ಅಷ್ಟು ದೊಡ್ಡತನ ಅವನಿಗಿತ್ತು. ಚಿಕ್ಕಬೋರಯ್ಯ ಗಂಟಿನ ಮೇಲೆ ಕೈಯಿಟ್ಟರು.

“ಊರಿಗೆಲ್ಲ ಹೇಳ್ಬುಟ್ಟಿವ್ನಿ ಕಣಪ್ಪ,” ಎಂದರು. “ಸಾಹೇಬ್ರು ನನ್ ದನಿ ಕೇಳವ್ರೆ ಅಂತ.”

ಅರ್ಫಾತ್ ಅವರ ಕಾಲು ಮುಟ್ಟಲು ಬಗ್ಗಿದ; ಅವರು ಕಾಲು ಎಳೆದುಕೊಂಡರು. ಆಮೇಲೆ, ಬೀದಿಯಲ್ಲಿ ಹೋಗುವವರಿಗೆ ಕೇಳಿಸದ ಹಾಗೆ, ದನಿ ಇಳಿಸಿ ಹೇಳಿದರು.

“ಅವ್ರ ಹೆಸ್ರ ತೆಗೀಬ್ಯಾಡ. ಇರ್ಲಿ ಬುಡು. ನನ್ ಹೆಸ್ರು ಮ್ಯಾಲೆ ಬರಿ, ಅದ್ರ ಕೆಳಗೆ ಅವ್ರದ್ನ ಹಾಕು.”

ಕಾಳಿನ ಗಂಟನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ. ಅದು ಸಾಹೇಬರಿಗೆ ಕೊಟ್ಟದ್ದು ಎಂದರಂತೆ. ಅರ್ಫಾತನ ಕೋಣೆಯಲ್ಲಿ, ಟೀವಿಯ ಪಕ್ಕದಲ್ಲಿ, ಅದು ಈಗಲೂ ಹಾಗೇ ಇದೆ; ಖುರ್ಷಿದಾ ಬೇಗಂ ಹುಳ ಬೀಳದಂತೆ ಆಗಾಗ ಬಿಸಿಲಿಗೆ ಹಾಕುತ್ತಾರೆ. ಗೇಮಿನ ಪಟ್ಟಿಯಲ್ಲಿ ಈಗ ಧ್ವನಿಯ ಕೆಳಗೆ ಎರಡು ಹೆಸರುಗಳಿವೆ, ಮೇಲಿನದು ಕನ್ನಡದಲ್ಲಿ. ತಾನು ಮಾಡಿದ್ದು ಸರಿಯೇ ಎಂದು ಅರ್ಫಾತ್ ನನ್ನನ್ನು ಎರಡು ಸಲ ಕೇಳಿದ್ದಾನೆ. ಗೋಡೆ ಗೋಡೆಗೂ ಭುಜ ಕೊಟ್ಟು ನೋಡುವ ಹುಡುಗ. ಆ ಪ್ರಶ್ನೆಯ ಮುಂದೆ ನಿಂತಾಗ ಮಾತ್ರ ಅವನ ಭುಜ ಕುಗ್ಗಿರುತ್ತದೆ.

ತನ್ನನ್ನು ತಾನೇ ಪ್ರಕಟಿಸಿಕೊಳ್ಳುವವರದೊಂದು ಜಾತಿಯಿದೆ, ಪುಸ್ತಕವಾದರೇನು, ಗೇಮಾದರೇನು. ಬೇಡ ಎನ್ನುವವರು ನಮ್ಮ ಬಾಗಿಲಲ್ಲಿ ಇರುವುದಿಲ್ಲ, ಭೇಷ್ ಎನ್ನುವವರೂ ಇರುವುದಿಲ್ಲ. ಆ ನಿಶ್ಶಬ್ದವನ್ನು ತಾಳಲಾರದೆ ನಾವು ದೂರದೂರಿನ ಒಬ್ಬ ಸಾಹೇಬನನ್ನು ಕಟ್ಟಿಕೊಂಡು, ಅವನ ಬಾಯಿಂದ ಭೇಷ್ ಅನ್ನಿಸಿಕೊಳ್ಳುತ್ತೇವೆ. ಬಸ್ಸು ಹತ್ತಿ ಬಂದು ಎರಡೂವರೆ ಗಂಟೆ ಕದಲದೆ ಕೂತ ಮನುಷ್ಯನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ನಮ್ಮೊಳಗಿನ ರೋಗವಾಗಿ ನಮ್ಮಲ್ಲೇ ಉಳಿದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಆದರೆ ತನ್ನ ಹೆಸರೊಂದೇ ಸಾಕು ಎಂದು ಕೇಳಿಕೊಂಡು ಬಂದಿದ್ದ ಚಿಕ್ಕಬೋರಯ್ಯನವರಿಗೂ ಈಗ ಹೆಸರೊಂದೇ ಸಾಲದು; ಅದರ ಕೆಳಗೆ ಆ ಸಾಹೇಬನೂ ಬೇಕು. ಅದನ್ನು ಅವರಿಗೆ ಅಂಟಿಸಿದವರು ನಾವು.