ಚೀಟಿಯ ಕೆಳಗಿನ ಚೀಟಿ

ಗಂಡನಿಗೆ ಹದಿನಾಲ್ಕು ಸೂಜಿಗಳನ್ನೂ ಆದಮ್ಮ ತನ್ನ ಕೈಯಾರೆ ಹಾಕಿದ್ದಳು.

ಅದು ೧೯೮೪ರ ಬೇಸಿಗೆ. ಯಂಕೋಬ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ ಲಾರಿಗೆ ಭತ್ತದ ಚೀಲ ಹೇರುತ್ತಿದ್ದಾಗ ಹುಚ್ಚುನಾಯಿಯೊಂದು ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಮಸ್ಕಿಯ ವರ್ತಕರು ಸೇರಿ ನಡೆಸುತ್ತಿದ್ದ ಧರ್ಮ ದವಾಖಾನೆಗೆ ಸಾಲಗುಂದದಲ್ಲಿ ಒಂದು ಸಣ್ಣ ಶಾಖೆಯಿತ್ತು. ಆದಮ್ಮ ಅಲ್ಲಿ ನರ್ಸ್. ಲಸಿಕೆ ಮಸ್ಕಿಯಿಂದ ಬರ್ಫಿನ, ಅಂದರೆ ಐಸಿನ, ಪೆಟ್ಟಿಗೆಯಲ್ಲಿ ಬಸ್ಸಿಗೆ ಬರುತ್ತಿತ್ತು. ಬಂದ ಶೀಶೆಯ ಬ್ಯಾಚ್ ನಂಬರನ್ನು ದಿನವೂ ಯಂಕೋಬನ ಚೀಟಿಯಲ್ಲಿ ಬರೆದುಕೊಂಡು, ಹೊಕ್ಕಳ ಸುತ್ತ ಒಂದೊಂದೇ ಸೂಜಿ ಚುಚ್ಚಿದಳು. ನೋವಿಗೆ ಅವನು ಮಂಚದ ಪಟ್ಟಿ ಹಿಡಿದುಕೊಳ್ಳುತ್ತಿದ್ದ. ಆದರೂ, "ನಿನ್ನ ಕೈ ಹಗುರ ಐತಿ ಬಿಡು," ಎನ್ನುತ್ತಿದ್ದ.

ಹದಿನಾಲ್ಕೂ ಮುಗಿದವು. ತಿಂಗಳು ಕಳೆಯುವಷ್ಟರಲ್ಲಿ ಒಂದು ಮುಂಜಾನೆ ಅವನ ಗಂಟಲಲ್ಲಿ ನೀರು ಇಳಿಯಲಿಲ್ಲ. ಮರುದಿನ ತಂಬಿಗೆ ಕಂಡರೇ ಮೈಯೆಲ್ಲ ಸೆಟೆಯತೊಡಗಿತು. ನಾಲ್ಕನೆಯ ದಿನ ಸತ್ತ.

ದವಾಖಾನೆಯವರು ವಿಚಾರಣೆ ಮಾಡಿದರು. ಮಸ್ಕಿಯಲ್ಲಿ ಔಷಧದ ಸ್ಟೋರು ನೋಡಿಕೊಳ್ಳುತ್ತಿದ್ದವನು ಅಮರಗುಂಡಪ್ಪ, ದವಾಖಾನೆಯ ಅಧ್ಯಕ್ಷರ ಹೆಂಡತಿಯ ತಮ್ಮ. ಅವನು ಎಲ್ಲರ ಮುಂದೆ ಎದೆ ಎತ್ತಿ ಹೇಳಿದ: "ನಮ್ಮ ಕಡಿಂದ ತಂಪು ಔಷಧಾನೇ ಹೋಗ್ಯಾದರೀ. ಆಕೀನೇ ಪೆಟ್ಟಿಗಿ ಬಿಸಲಾಗ ಇಟ್ಟಾಳ. ಬರ್ಫ ಕರಗಿದ ಮ್ಯಾಲೆ ಅದು ಬರೇ ನೀರು."

ಅತ್ತೆ ಬಸ್ಸಮ್ಮ ಆ ಮಾತನ್ನೇ ಹಿಡಿದಳು. "ನನ್ನ ಮಗನ ಹೊಟ್ಟಿಗೆ ನೀರು ಚುಚ್ಚಿ ಕೊಂದಿ ನೀ. ಈ ಹೊಸ್ತಿಲ ಮತ್ತ ತುಳೀಬ್ಯಾಡ," ಎಂದು ಬಾಗಿಲು ಹಾಕಿಕೊಂಡಳು.

ಆದಮ್ಮನ ಕೈಯಿಂದ ಸೂಜಿ ಕಸಿದುಕೊಂಡರು. ಪೂರ್ತಿ ತೆಗೆದುಹಾಕಿದರೆ ಜನ ಮಾತಾಡಿಯಾರು ಎಂದು ಮಸ್ಕಿಯ ಸ್ಟೋರಿನಲ್ಲಿ ಚೀಟಿ ಅಂಟಿಸುವ ಕೆಲಸ ಕೊಟ್ಟರು. ಲಸಿಕೆಯ ಪ್ರತಿ ಡಬ್ಬಿಗೆ ಔಷಧದ ಹೆಸರು, ಬ್ಯಾಚ್ ನಂಬರು, ಬಂದ ತಾರೀಖು, ಯಾವ ದಿನದವರೆಗೆ ಬಳಸಬಹುದು ಎಂಬುದನ್ನು ಬರೆದು ಅಂಟಿಸಬೇಕು. ಶಾಯಿ ಬರ್ಫಿನ ನೀರಿಗೆ ಹರಡುತ್ತದೆಂದು ಪೆನ್ಸಿಲಿನಿಂದ, ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ಮೇಲೆ ಬರೆಯುತ್ತಿದ್ದರು. ಕೆಳಗೆ ಅಮರಗುಂಡಪ್ಪನ ಸಹಿ. ಗಂಡನನ್ನು ಕೊಂದವಳೆಂಬ ಹೆಸರು ಹೊತ್ತು, ಆ ಹೆಸರು ಹೊರಿಸಿದವನ ಕೈಕೆಳಗೆ ಅವಳು ಬಾಯಿ ಮುಚ್ಚಿಕೊಂಡು ದುಡಿದಳು.

ಮರುವರ್ಷ ಒಂದು ಮಧ್ಯಾಹ್ನ ಫ್ರಿಜ್ಜಿನ ಬರ್ಫ ಕರಗಿಸಿ ಒಳಗೆಲ್ಲ ಒರೆಸುತ್ತಿದ್ದಳು. ಹಿಂದಿನ ಮೂಲೆಯಲ್ಲಿ ನಾಯಿಕಡಿತದ ಲಸಿಕೆಯ ಹಳೆಯ ಡಬ್ಬಿಯೊಂದು ಸಿಕ್ಕಿತು. ಒಳಗೆ ಆರು ಶೀಶೆ ಉಳಿದಿದ್ದವು. ಒದ್ದೆಯಾದ ಚೀಟಿ ಬಟ್ಟೆಗೆ ಸಿಕ್ಕಿ ಅರ್ಧ ಎದ್ದು ಬಂತು. ಅದರ ಕೆಳಗೆ ಇನ್ನೊಂದು ಚೀಟಿ. ಅದರ ಮೇಲೆ ಅಡ್ಡಕ್ಕೆ ದಪ್ಪನೆಯ ಕೆಂಪು ಗೆರೆ, ಹಿಂದಿದ್ದ ಡಾಕ್ಟರ ಅಕ್ಷರ: "ಮೂರು ದಿನ ಫ್ರಿಜ್ ಇರಲಿಲ್ಲ. ಬಳಸಬಾರದು. ವಾಪಸ್ ಕಳಿಸಿ." ತಾರೀಖು ೧೯೮೪ರ ಏಪ್ರಿಲಿನದು. ಬ್ಯಾಚ್ ನಂಬರನ್ನು ಗುರುತಿಸಲು ಅವಳಿಗೆ ಯಂಕೋಬನ ಚೀಟಿ ನೋಡುವ ಅಗತ್ಯವಿರಲಿಲ್ಲ. ಹದಿನಾಲ್ಕು ದಿನ ಅದನ್ನೇ ಬರೆದಿದ್ದಳು.

ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ ಕಾವಲುಗಾರ ಮಹಮ್ಮದಸಾಬನ ಹತ್ತಿರ ಹೋಗಿ, "ಹೋದ ವರ್ಷ ಏಪ್ರಿಲಿನಾಗ ಈ ಫ್ರಿಜ್ ಎಲ್ಲಿಗೆ ಹೋಗಿತ್ತು ಚಾಚಾ?" ಎಂದು ಕೇಳಿದಳು.

ಮುದುಕ ಅತ್ತಿತ್ತ ನೋಡಿದ. "ಅಮರಗುಂಡಪ್ಪನ ಮಗಳ ಮದುವಿಗೆ ಒಯ್ದಿದ್ರವ್ವಾ. ಬೀಗರಿಗೆ ಶರಬತ್ತು ತಂಪು ಮಾಡಾಕ. ಔಷಧ ಎಲ್ಲಾ ಮೂರು ದಿನ ಕಪಾಟಿನಾಗ ಬಿದ್ದಿದ್ವು. ಡಾಕ್ಟರ್ ಭಾಳ ಬೈದ್ರು. ಮರುವಾರಾನೇ ಅವರು ಊರು ಬಿಟ್ಟು ಹೋದ್ರು. ನಾ ಹೇಳೀನಂತ ಎಲ್ಲೂ ಹೇಳಬ್ಯಾಡ."

ಲಸಿಕೆ ವಾಪಸ್ ಕಳಿಸಿದರೆ ಯಾಕೆ ಕೆಟ್ಟಿತೆಂದು ಬರೆಯಬೇಕಾಗುತ್ತಿತ್ತು. ಬರೆಯುವ ಬದಲು ಅಮರಗುಂಡಪ್ಪ ಕೆಂಪು ಗೆರೆಯ ಮೇಲೆ ಹೊಸ ಚೀಟಿ ಅಂಟಿಸಿ, ಸಹಿ ಹಾಕಿ, ಊರೂರಿಗೆ ಕಳಿಸಿದ್ದ.

ಆದಮ್ಮ ಅಧ್ಯಕ್ಷರ ಬಳಿಗೆ ಹೋಗಲಿಲ್ಲ. ಹೋದರೆ ಡಬ್ಬಿ ಸಂಜೆಯೊಳಗೆ ಮಾಯವಾಗುತ್ತದೆಂದು ಗೊತ್ತಿತ್ತು. ಮೇಲಿನ ಚೀಟಿಯನ್ನು ಮತ್ತೆ ಒತ್ತಿ ಅಂಟಿಸಿ, ಡಬ್ಬಿಯನ್ನು ಸ್ಟೋರಿನಲ್ಲಿದ್ದ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಅಂದಿನಿಂದ ದಿನವೂ ಅಮರಗುಂಡಪ್ಪ ಎದುರಿಗೆ ಬಂದಾಗ ಅವನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಅವನು ನೀರು ಕುಡಿಯುವಾಗ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಯಂಕೋಬನ ಗಂಟಲಲ್ಲಿ ಇಳಿಯದ ನೀರು ಇವನ ಗಂಟಲಲ್ಲಿ ಸರಾಗವಾಗಿ ಇಳಿಯುತ್ತಿತ್ತು.

ಎರಡು ವರ್ಷ ಹೀಗೇ ಹೋದವು. ೧೯೮೭ರ ಒಂದು ಸಂತೆಯ ದಿನ ಮಸ್ಕಿಯ ಬಜಾರಿಗೆ ಹುಚ್ಚುನಾಯಿ ನುಗ್ಗಿ ಐದು ಜನರನ್ನು ಕಚ್ಚಿತು. ಬಳೆ ಮಾರುವ ಜೈನಾಬೀಯ ಕೈಗೆ, ಮೂವರು ರೈತರ ಕಾಲಿಗೆ. ಐದನೆಯವನು ಅಮರಗುಂಡಪ್ಪ. ಧೋತರವೆಲ್ಲ ರಕ್ತ ಮಾಡಿಕೊಂಡು, ಇಬ್ಬರ ಹೆಗಲ ಮೇಲೆ ಕೈಹಾಕಿ ದವಾಖಾನೆಗೆ ಬಂದ.

ಆಗ ಬಂದಿದ್ದ ಡಾಕ್ಟರ್ ರಹಿಮಾನ್ ಹೊಸಬರು, ಯಾರ ಹಂಗೂ ಇಲ್ಲದವರು. ಗಾಯಗಳನ್ನು ಸಾಬೂನಿನಿಂದ ತೊಳೆಸಿ, "ಆದಮ್ಮ, ಲಸಿಕಿ ತಗೊಂಡು ಬಾ," ಎಂದರು.

ಸ್ಟೋರಿನಲ್ಲಿ ಅವಳು ಒಬ್ಬಳೇ ನಿಂತಳು. ಫ್ರಿಜ್ಜಿನಲ್ಲಿ ಹೋದ ವಾರ ತಾನೇ ಚೀಟಿ ಬರೆದ ಹೊಸ ಡಬ್ಬಿಗಳಿದ್ದವು. ಪೆಟ್ಟಿಗೆಯಲ್ಲಿ ಆ ಹಳೆಯದು. ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದರೆ ಸಾಕು, ಯಾರಿಗೂ ತಿಳಿಯುವುದಿಲ್ಲ. ಪೆನ್ಸಿಲ್ ಕೈಗೆ ತೆಗೆದುಕೊಂಡಳು. ಇವತ್ತಿನ ತಾರೀಖನ್ನೂ ಬರೆದಳು. ಬರೆದು ಸ್ವಲ್ಪ ಹೊತ್ತು ನೋಡಿದಳು. ಅವನು ಸಾಯುತ್ತಾನೆ, ಆದರೆ ಯಾಕೆ ಸತ್ತೆನೆಂದು ತಿಳಿಯದೆ ಸಾಯುತ್ತಾನೆ. ಅದು ಅವಳಿಗೆ ಸಾಲಲಿಲ್ಲ. ಚೀಟಿಯನ್ನು ಮುದುಡಿ ಎಸೆದಳು.

ಹೊಸ ಡಬ್ಬಿಯಿಂದ ನಾಲ್ಕು ಶೀಶೆ ತಂದು ಡಾಕ್ಟರ ಕೈಗೆ ಕೊಟ್ಟಳು. ಜೈನಾಬೀಗೂ ರೈತರಿಗೂ ಸೂಜಿ ಆಯಿತು. ಅಮರಗುಂಡಪ್ಪನ ಸರದಿ ಬಂದಾಗ ಹಳೆಯ ಡಬ್ಬಿಯನ್ನು ಮೇಜಿನ ಮೇಲೆ, ಅವನ ಎದುರಿಗೇ ಇಟ್ಟಳು. ಸುದ್ದಿ ಕೇಳಿ ಓಡಿಬಂದಿದ್ದ ಅಧ್ಯಕ್ಷರೂ ಅಲ್ಲೇ ನಿಂತಿದ್ದರು.

ಅವನು ಡಬ್ಬಿ ನೋಡಿದ. ಮುಖ ಬಿಳಿಚಿತು. "ಇದು ಬ್ಯಾಡ. ಬ್ಯಾರೆ ತಾ."

"ಯಾಕ್ರೀ ಅಮರಗುಂಡಪ್ಪನೋರ? ಚೀಟಿ ಸರಿ ಐತಲ್ಲ. ನಿಮ್ಮ ಸಹೀನೂ ಐತಿ."

"ಬ್ಯಾಡಂದ್ರ ಬ್ಯಾಡ! ಹಳೇದೈತಿ ಅದು."

"ಬಳಸೋ ಮುದ್ದತ್ ಇನ್ನೂ ಎರಡು ತಿಂಗಳು ಐತಿ, ನೀವ ಬರ್ದೀರಿ. ಡಾಕ್ಟರ್ ಸಾಹೇಬ್ರ, ಹಾಕ್ರಿ ಇದನ್ನ."

ಡಾಕ್ಟರು ತಾರೀಖು ಓದಿ ಶೀಶೆ ಎತ್ತಿಕೊಂಡರು. ಸಿರಿಂಜ್ ಶೀಶೆಯೊಳಗೆ ಇಳಿಯುತ್ತಿದ್ದಂತೆ ಅಮರಗುಂಡಪ್ಪ ಮಂಚದಿಂದ ಎದ್ದು ಅವರ ಕೈ ಹಿಡಿದುಕೊಂಡ. "ಸಾಹೇಬ್ರ, ಅದು ಕೆಟ್ಟೈತ್ರೀ! ಅದನ್ನ ಹಾಕಿದ್ರ ನಾ ಸಾಯ್ತೀನಿ!"

"ಹೆಂಗ ಕೆಟ್ಟೈತಿ? ನಿಮಗ ಹೆಂಗ ಗೊತ್ತು?" ಡಾಕ್ಟರು ಕೇಳಿದರು.

ಆದಮ್ಮ ಮೇಲಿನ ಚೀಟಿಯ ತುದಿ ಹಿಡಿದು ಒಂದೇ ಸಲಕ್ಕೆ ಕಿತ್ತಳು. ಕೆಂಪು ಗೆರೆ ಎಲ್ಲರಿಗೂ ಕಂಡಿತು.

"ಹೇಳ್ರಿ," ಎಂದಳು. "ಮಗಳ ಮದುವಿಗೆ ಫ್ರಿಜ್ ಒಯ್ದಿದ್ದು ಹೇಳ್ರಿ. ಇದರ ಮ್ಯಾಲೆ ಚೀಟಿ ಅಂಟಿಸಿ ನನ್ನ ಗಂಡಗ ಕಳಿಸಿದ್ದು ಹೇಳ್ರಿ. ಹೇಳಿ, ಬರ್ದು, ಸಹಿ ಹಾಕ್ರಿ. ಹೊಸಾ ಡಬ್ಬಿ ಒಳಗೈತಿ. ಸ್ಟೋರಿನ ಕೀಲಿ ನನ್ನ ಹಂತ್ಯಾಕೈತಿ."

"ಆದಮ್ಮ, ಮೊದಲು ಲಸಿಕಿ ಕೊಡು," ಎಂದರು ಡಾಕ್ಟರು.

"ಕೊಡ್ತೀನ್ರೀ ಸಾಹೇಬ್ರ. ಅವರು ಎಷ್ಟು ಲಗೂ ಬರೀತಾರ, ಅಷ್ಟು ಲಗೂ."

ಜೈನಾಬೀ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು, "ಯಾ ಅಲ್ಲಾ, ನಮಗೂ ಇದನ್ನ ಹಾಕ್ತಿದ್ನೇನು!" ಎಂದು ಚೀರಿದಳು. ಅಧ್ಯಕ್ಷರು ಹೆಂಡತಿಯ ತಮ್ಮನಿಗೆ ಬೆನ್ನು ತಿರುಗಿಸಿದರು. ಅಮರಗುಂಡಪ್ಪ ಬರೆದ. ಅಕ್ಷರಗಳು ಸೊಟ್ಟಾದವು. ಆದರೂ ಓದಲು ಬರುತ್ತಿದ್ದವು. ಸಹಿ ಬಿದ್ದ ಮೇಲೆ ಆದಮ್ಮ ಹೊಸ ಡಬ್ಬಿಯ ಶೀಶೆ ತಂದುಕೊಟ್ಟಳು.

ಆ ಕಾಗದವನ್ನು ಡಾಕ್ಟರು ಪೊಲೀಸರಿಗೂ ರಾಯಚೂರಿನ ಅಧಿಕಾರಿಗಳಿಗೂ ಕಳಿಸಿದರು. ಅಮರಗುಂಡಪ್ಪನ ಸ್ಟೋರು ಹೋಯಿತು, ಮೇಲೆ ಕೇಸು ಬಿತ್ತು. ಆದಮ್ಮನಿಗೆ ನರ್ಸ್ ಕೆಲಸ ಮರಳಿ ಬಂತು. ಉಳಿದ ಹದಿಮೂರು ದಿನ ಐದೂ ಜನರಿಗೆ ಸೂಜಿ ಹಾಕುವವಳು ಅವಳೇ.

ದಿನವೂ ಅಮರಗುಂಡಪ್ಪ ಅಂಗಿ ಮೇಲೆತ್ತಿ ಮಲಗುತ್ತಿದ್ದ. ದಿನವೂ ಕೇಳುತ್ತಿದ್ದ: "ಇದು ಯಾವ ಡಬ್ಬೀದು?" ಆದಮ್ಮ ಡಬ್ಬಿಯ ಚೀಟಿಯನ್ನು ಅವನ ಕಣ್ಣಿನ ಮುಂದೆ ಹಿಡಿಯುತ್ತಿದ್ದಳು. ಕೊನೆಯ ದಿನ ಅವನು ಅವಳ ಸೆರಗು ಹಿಡಿದು ಅತ್ತ. "ಒಂದು ಮಾತು ಹೇಳವ್ವಾ. ಚಲೋ ಔಷಧಾನೇ ಹಾಕೀದಿ, ಹೌದಿಲ್ಲೋ?"

"ಚೀಟಿ ಓದ್ಕೊಳ್ರಿ," ಎಂದಳು. "ಚೀಟಿ ನಂಬಬೇಕಲ್ಲ."

ಅವನಿಗೆ ಚೀಟಿ ನಂಬಲು ಆಗಲಿಲ್ಲ. ಲಿಂಗಸುಗೂರಿನ ಮಗಳ ಮನೆಗೆ ಹೋದ. ಬೆಳಿಗ್ಗೆ ಎದ್ದ ಕೂಡಲೇ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು, ಇಳಿಯುತ್ತದೋ ಇಲ್ಲವೋ ಎಂದು ಗಂಟಲು ಹಿಡಿದು ಕೂರುತ್ತಾನಂತೆ, ನಾಯಿ ಬೊಗಳಿದರೆ ಕೋಣೆ ಸೇರುತ್ತಾನಂತೆ ಎಂದು ಅತ್ತ ಕಡೆಯಿಂದ ಬಂದವರು ಹೇಳುತ್ತಿದ್ದರು. ಕೇಳಿದ ದಿನ ಆದಮ್ಮ ಹೊಟ್ಟೆ ತುಂಬ ಉಂಡಳು.

ವರ್ಷ ತುಂಬುವ ಹೊತ್ತಿಗೆ ಸಾಲಗುಂದದಿಂದ ಬಸ್ಸಮ್ಮ ಹೇಳಿಕಳಿಸಿದಳು. ಆದಮ್ಮ ಹೋದಾಗ ಅತ್ತೆ ಅಂಗಳದಲ್ಲೇ ಕೂತಿದ್ದಳು, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

"ಮಂದಿ ಎಲ್ಲಾ ಹೇಳಿದ್ರು," ಎಂದಳು. "ನಾ ನಿನಗ ಅನಬಾರದ್ದು ಅಂದೆ."

"ಅಂದಿ."

ಬಸ್ಸಮ್ಮ ಕೇಳಿದಳು: "ಆ ಅಮರಗುಂಡಪ್ಪಗ ಖರೇನ ಚಲೋ ಔಷಧ ಹಾಕಿದೇನು?"

"ಹಾಕೀನಿ. ಹದಿನಾಲ್ಕೂ ಚಲೋವ."

"ಯಾಕ ಹಾಕಿದಿ? ನನ್ನ ಮಗನ್ನ ಕೊಂದವಗ?"

"ಸತ್ತಿದ್ರ ನಾಕ ದಿನ ಅಂಜತಿದ್ದ ಅತ್ತಿ. ಈಗ ದಿನಾ ಅಂಜತಾನ."

ಮುದುಕಿ ಆ ಮಾತನ್ನು ಬಾಯಲ್ಲಿ ಹೊರಳಿಸುವಂತೆ ತುಟಿ ಅಲ್ಲಾಡಿಸಿದಳು. ಆಮೇಲೆ ಗೋಡೆ ಹಿಡಿದು ಎದ್ದು, "ಒಳಗ ಬಾ. ರೊಟ್ಟಿ ಬಿಸಿ ಅದಾವ," ಎಂದಳು.